ಕೂಲೆಂಟ್ ಇಳಿದಿದೆಯೇ? ತುಂಬುವ ಮುನ್ನ ಇಷ್ಟು ನೋಡಿ

ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಸುಟ್ಟುಹೋಗುವುದುಂಟು. ಕೂಲೆಂಟ್ ಹಾಗಲ್ಲ. ಎಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ಸುತ್ತುತ್ತಲೇ ಇರುವ ಅದು ಖರ್ಚಾಗುವ ವಸ್ತುವಲ್ಲ. ವರ್ಷಕ್ಕೊಮ್ಮೆ ಒಂದಿಷ್ಟು ಸೇರಿಸಬೇಕಾಗಿ ಬಂದರೆ ಚಿಂತೆಯಿಲ್ಲ. ತಿಂಗಳಿಗೊಮ್ಮೆ ಸೇರಿಸುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಿರಿ.

ನಮ್ಮಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯೇ ಇಲ್ಲ, ಬರೀ ನೀರು ಸಾಲದೇ ಎನ್ನುವವರಿದ್ದಾರೆ. ಸಾಲದು. ಕೂಲೆಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲಾದಾಗ ಮಿಶ್ರಣ ಕುದಿಯುವುದು ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮುಚ್ಚಳ ಹಿಡಿದಿಡುವ ಒತ್ತಡವೂ ಸೇರಿದರೆ 120 ಡಿಗ್ರಿ ದಾಟುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ, ಚಾರ್ಮಾಡಿ ಘಾಟಿಯ ಏರಿನಲ್ಲಿ ಈ ಅಂತರವೇ ಕಾಪಾಡುವುದು. ಜೊತೆಗೆ ಅದರಲ್ಲಿರುವ ತುಕ್ಕು ನಿರೋಧಕಗಳು ಅಲ್ಯೂಮಿನಿಯಂ ಹೆಡ್ಡನ್ನೂ ವಾಟರ್ ಪಂಪನ್ನೂ ಉಳಿಸುತ್ತವೆ. ಹಾಗೆಂದು ನೀರು ಬೆರೆಸದ ಗಟ್ಟಿ ಕೂಲೆಂಟ್ ಹಾಕಿದರೆ ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಶಾಖವನ್ನು ಚೆನ್ನಾಗಿ ಹೊರುವುದು ನೀರೇ.

ಆದರೆ ಯಾವ ನೀರು? ಬೋರ್‌ವೆಲ್ ನೀರಂತೂ ಬೇಡ. ಕಾಯಿಸುವ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪೊರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ.

ಮಟ್ಟ ನೋಡುವುದು, ತುಂಬುವುದು

ಬೆಳಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ಬಾನೆಟ್ ಎತ್ತಿ. ಕೂಲೆಂಟ್ ಟ್ಯಾಂಕಿನ ಮೇಲೆ ಮಿನ್ ಮತ್ತು ಮ್ಯಾಕ್ಸ್ (ಕೆಲವದರಲ್ಲಿ ಲೋ, ಫುಲ್) ಗೆರೆಗಳಿರುತ್ತವೆ. ಮಟ್ಟ ಇವೆರಡರ ನಡುವೆ ಇರಬೇಕು. ಬಣ್ಣವನ್ನೂ ನೋಡಿ: ಕಂದು ಬಣ್ಣಕ್ಕೆ ತಿರುಗಿದ್ದರೆ ತುಕ್ಕು, ಮೇಲೆ ಜಿಡ್ಡು ತೇಲುತ್ತಿದ್ದರೆ ಆಯಿಲ್ ಬೆರೆತಿರುವ ಶಂಕೆ.

ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನಾಗಲಿ ಕೂಲೆಂಟ್ ಟ್ಯಾಂಕಿನ ಮುಚ್ಚಳವನ್ನಾಗಲಿ ತೆರೆಯಲೇಬೇಡಿ. ಒತ್ತಡ ತಪ್ಪಿದೊಡನೆ ಕೂಲೆಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅನೇಕ ಕಾರುಗಳಲ್ಲಿ ರೇಡಿಯೇಟರ್‌ಗೆ ಬೇರೆ ಮುಚ್ಚಳವೇ ಇಲ್ಲ, ಪ್ಲಾಸ್ಟಿಕ್ ಟ್ಯಾಂಕಿನಲ್ಲೇ ಒತ್ತಡ ಇರುತ್ತದೆ. ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಆರಾಮವಾಗಿ ಹಿಡಿದುಕೊಳ್ಳುವಷ್ಟು ತಣ್ಣಗಾದ ಮೇಲೆ, ಬಟ್ಟೆ ಸುತ್ತಿ ನಿಧಾನವಾಗಿ ತಿರುಗಿಸಿ.

ಈಗಾಗಲೇ ಇರುವ ಬಗೆಯದನ್ನೇ ಸೇರಿಸಿ. ಬಣ್ಣ ನೋಡಿ ಕೊಳ್ಳುವುದು ಮೋಸ ಹೋಗುವ ದಾರಿ. ಹಸಿರು, ಕೆಂಪು, ನೀಲಿ ಎಂಬುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಸ್ಪೆಸಿಫಿಕೇಶನ್ ಡಬ್ಬಿಯ ಮೇಲೂ ಇರಬೇಕು. ಹೊಂದದ ಬಗೆಗಳು ಬೆರೆತರೆ ತುಕ್ಕು ನಿರೋಧಕಗಳು ಕೆಡುತ್ತವೆ, ಕೆಲವೊಮ್ಮೆ ಲೋಳೆ ಕಟ್ಟುತ್ತದೆ. ಡಬ್ಬಿಯಲ್ಲಿರುವುದು ಪ್ರೀಮಿಕ್ಸೋ (ಮೊದಲೇ ನೀರು ಬೆರೆಸಿದ್ದು) ಕಾನ್ಸಂಟ್ರೇಟೋ (ನೀರು ಬೆರೆಸದ ಗಟ್ಟಿ ಕೂಲೆಂಟ್) ಎಂಬುದನ್ನೂ ಓದಿಕೊಳ್ಳಿ. ಪ್ರೀಮಿಕ್ಸ್‌ಗೆ ಮತ್ತೆ ನೀರು ಸೇರಿಸಬಾರದು.

ಪೂರ್ತಿ ಬದಲಿಸುವುದು

ಹಳೆಯ ಬಗೆಯ ಕೂಲೆಂಟ್‌ಗೆ ಸುಮಾರು 2 ವರ್ಷ ಅಥವಾ 40,000 ಕಿ.ಮೀ., ಲಾಂಗ್ ಲೈಫ್ ಬಗೆಗೆ 5 ವರ್ಷ ಅಥವಾ ಹೆಚ್ಚು. ಕೊನೆಯ ಮಾತು ಮ್ಯಾನ್ಯುಯಲ್‌ನದು.

ತಣ್ಣಗಿನ ಎಂಜಿನ್. ಕೀ ತೆಗೆದಿಡಿ, ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿಯೇ ತಿರುಗಬಹುದು. ಕೆಳಗೆ ಅಗಲವಾದ ಟಬ್ ಇಟ್ಟು, ರೇಡಿಯೇಟರಿನ ಕೆಳಮೂಲೆಯ ಡ್ರೇನ್ ಪ್ಲಗ್ ಬಿಚ್ಚಿ, ಆಮೇಲೆ ಮೇಲಿನ ಮುಚ್ಚಳ ತೆಗೆಯಿರಿ. ಈ ಪ್ಲಗ್ ಹೆಚ್ಚಾಗಿ ಪ್ಲಾಸ್ಟಿಕ್‌ನದು. ಮರಳಿ ಹಾಕುವಾಗ ಕೈಯಲ್ಲೇ ಬಿಗಿ ಮಾಡಿ, ಪಕ್ಕಡ್ ಹಾಕಿದರೆ ಒಡೆಯುತ್ತದೆ. ಟ್ಯಾಂಕನ್ನೂ ಖಾಲಿ ಮಾಡಿ ತೊಳೆಯಿರಿ.

ಕೊಳೆ ಬಂದರೆ ಡಿಸ್ಟಿಲ್ಡ್ ವಾಟರ್ ತುಂಬಿ, ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ಕವಾಟ) ತೆರೆಯುವವರೆಗೆ, ಅಂದರೆ ಕೆಳಗಿನ ಹೋಸ್ ಕೂಡ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಬಸಿಯಿರಿ. ಹಲವರು ಎಡವುವುದು ಇಲ್ಲೇ. ಎಷ್ಟು ಬಸಿದರೂ ಎಂಜಿನ್ ಬ್ಲಾಕಿನೊಳಗೆ ಒಂದಷ್ಟು ನೀರು ಉಳಿಯುತ್ತದೆ. ಅದರ ಮೇಲೆ ಪ್ರೀಮಿಕ್ಸ್ ಸುರಿದರೆ ಮಿಶ್ರಣ ತೆಳುವಾಗುತ್ತದೆ. ಹಾಗಾಗಿ ಹೀಗೆ ನೀರಿನಿಂದ ತೊಳೆದ (ಫ್ಲಶ್ ಮಾಡಿದ) ಮೇಲೆ ಕಾನ್ಸಂಟ್ರೇಟೇ ಸರಿ. ಒಟ್ಟು 4.5 ಲೀಟರ್ ಹಿಡಿಯುವ ಗಾಡಿಯಾದರೆ ಮೊದಲು 2.25 ಲೀಟರ್ ಕಾನ್ಸಂಟ್ರೇಟ್, ಉಳಿದಷ್ಟು ಡಿಸ್ಟಿಲ್ಡ್ ವಾಟರ್.

ನಿಧಾನವಾಗಿ ಸುರಿಯಿರಿ, ಮೇಲಿನ ಹೋಸನ್ನು ಆಗಾಗ ಹಿಸುಕಿ ಗಾಳಿ ಬಿಡಿ. ಗಾಳಿ ಬಿಡಲು ಸ್ಕ್ರೂ ಇದ್ದರೆ ಗುಳ್ಳೆ ನಿಂತು ಕೂಲೆಂಟ್ ಧಾರೆಯಾಗುವವರೆಗೆ ತೆರೆದಿಡಿ. ಮುಚ್ಚಳ ಹಾಕಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಫ್ಯಾನ್ ಎರಡು ಬಾರಿ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಎಸಿ ಹಾಕಬೇಡಿ, ಹಾಕಿದರೆ ಫ್ಯಾನ್ ಮೊದಲೇ ಶುರುವಾಗಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಬಿಸಿಯಾಗಿದ್ದೂ ಹೀಟರ್‌ನಿಂದ ತಣ್ಣನೆಯ ಗಾಳಿ ಬಂದರೆ ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ಇನ್ನೂ ಇರಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಟ್ಟ ಇಳಿದಿರುತ್ತದೆ, ಮತ್ತೆ ತುಂಬಿ.

ಹಳೆಯ ಕೂಲೆಂಟನ್ನು ಚರಂಡಿಗೆ ಚೆಲ್ಲಬೇಡಿ. ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಬೆಕ್ಕುಗಳೂ ನೆಕ್ಕಬಹುದು. ಸ್ವಲ್ಪವೇ ಸಾಕು, ಕಿಡ್ನಿ ಕೆಟ್ಟು ಸಾಯುತ್ತವೆ. ಮುಚ್ಚಳ ಬಿಗಿಯಾದ ಕ್ಯಾನಿಗೆ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಕೊಡಿ.

ಮಟ್ಟ ಇಳಿಯುತ್ತಲೇ ಇದ್ದರೆ

ಹೋಸ್ ಕ್ಲಿಪ್‌ಗಳ ಬಳಿ ಒಣಗಿದ ಕಲೆ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಒದ್ದೆ, ಸಡಿಲವಾದ ಮುಚ್ಚಳದ ರಬ್ಬರ್: ಹುಡುಕುವುದು ಈ ಕ್ರಮದಲ್ಲಿ. ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಹೊರಗೆ ಎಲ್ಲೂ ಒದ್ದೆಯಿಲ್ಲ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತಿದೆ ಎಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್) ಹೋಗಿರಬಹುದು. ಆಗ ಗಾಡಿ ಓಡಿಸದೆ ಮೆಕ್ಯಾನಿಕ್‌ಗೆ ಪ್ರೆಶರ್ ಟೆಸ್ಟ್ ಮಾಡಲು ಹೇಳಿ.