ಎರಡನೇ ಹೆರಿಗೆ: ಬ್ಯಾನಿ (ಹೆರಿಗೆ ನೋವು) ಬರುವ ಮುಂಚೆಯೇ ಹಳೆಯ ಫೈಲ್ ಹುಡುಕಿ

‘ಇದು ಎರಡನೇದ್ದೈತಲ್ಲ, ಎಲ್ಲಾ ಗೊತ್ತೈತಿ ಬಿಡ್ರಿ.’ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮತ್ತೊಮ್ಮೆ ಬಸುರಿಯಾದವಳ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಚೊಚ್ಚಲಕ್ಕೆ ಏಳನೇ ತಿಂಗಳಲ್ಲೇ ಚೀಲ ಕಟ್ಟಿಟ್ಟ ಮನೆಯವರು ಈ ಸಲ ನೀರು ಒಡೆದ ಮೇಲೆ ತಾಯಿ ಕಾರ್ಡ್ ಹುಡುಕುತ್ತಾರೆ. ಮೊದಲ ಹೆರಿಗೆ ತವರಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂಬ ವಾಡಿಕೆ ಇರುವುದರಿಂದ ಹಿಂದಿನ ಕಾಗದಗಳು ಇನ್ನೊಂದು ಊರಿನ ಟ್ರಂಕಿನಲ್ಲಿ ಉಳಿದಿರುತ್ತವೆ. ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲಿನದಕ್ಕಿಂತ ಬೇಗ ಮುಗಿಯುತ್ತದೆ. ಅದರಲ್ಲಿ ಎಲ್ಲಿ ತೊಡಕಾಗಬಹುದು ಎಂಬುದರ ಸುಳಿವು ಬಹಳ ಸಲ ಆ ಹಳೆಯ ಕಾಗದದಲ್ಲೇ ಇರುತ್ತದೆ.

ಹಳೆಯ ಡಿಸ್ಚಾರ್ಜ್ ಕಾರ್ಡ್

ಮೊದಲ ತಪಾಸಣೆಗೆ ಹೋಗುವಾಗಲೇ ಹಿಂದಿನ ಡಿಸ್ಚಾರ್ಜ್ ಕಾರ್ಡ್ ಒಯ್ಯಿರಿ. ಕಳೆದಿದ್ದರೆ ಹೆರಿಗೆಯಾದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ದಿನಾಂಕ ಹೇಳಿ ಪ್ರತಿ ಕೇಳಬಹುದು. ಸಹಜ ಹೆರಿಗೆಯೋ ಸಿಸೇರಿಯನ್ನೋ, ಯಾವ ಕಾರಣಕ್ಕೆ, ರಕ್ತ ಹೆಚ್ಚು ಹೋಗಿತ್ತೇ, ಬಿ.ಪಿ. ಏರಿತ್ತೇ, ಕೂಸಿನ ತೂಕ ಎಷ್ಟು, ದಿನ ತುಂಬುವ ಮೊದಲೇ ಹುಟ್ಟಿತ್ತೇ ಎಂಬುದನ್ನು ವೈದ್ಯರು ಅದರಲ್ಲಿ ನೋಡುತ್ತಾರೆ. ಹಿಂದೆ ವಿಪರೀತ ರಕ್ತಸ್ರಾವ ಆದವರಿಗೆ ಮತ್ತೆ ಆಗುವ ಸಾಧ್ಯತೆ ಹೆಚ್ಚು. ಬಿ.ಪಿ.ಯ ಮಾತೂ ಹಾಗೆಯೇ.

ತಾಯಿಯ ರಕ್ತದ ಗುಂಪು ನೆಗೆಟಿವ್, ಮೊದಲ ಕೂಸಿನದು ಪಾಸಿಟಿವ್ ಆಗಿದ್ದರೆ ಆಗ ಹೆರಿಗೆಯಾದ 72 ಗಂಟೆಯೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದರೇ ಎಂದು ನೋಡಬೇಕು. ಕೊಡದೇ ಇದ್ದಲ್ಲಿ, ಆಗ ತಾಯಿಯ ರಕ್ತಕ್ಕೆ ಸೇರಿದ ಕೂಸಿನ ರಕ್ತಕಣಗಳ ವಿರುದ್ಧ ಅವಳ ದೇಹ ಪ್ರತಿಕಾಯ ತಯಾರಿಸಿಕೊಂಡಿರಬಹುದು. ಮೊದಲ ಮಗುವಿಗೆ ಇದರಿಂದ ಏನೂ ಆಗಿರುವುದಿಲ್ಲ, ಅದಕ್ಕೇ ಯಾರ ಗಮನಕ್ಕೂ ಬಂದಿರುವುದಿಲ್ಲ. ಎರಡನೆಯ ಕೂಸೂ ಪಾಸಿಟಿವ್ ಆದರೆ ಆ ಪ್ರತಿಕಾಯಗಳು ಹೊಟ್ಟೆಯೊಳಗಿದ್ದಾಗಲೇ ಅದರ ರಕ್ತಕಣ ಒಡೆಯುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ ಆಗುವುದು ಇದರಿಂದಲೇ. ಆದ್ದರಿಂದ ನೆಗೆಟಿವ್ ತಾಯಂದಿರು ಐ.ಸಿ.ಟಿ. (ರಕ್ತದಲ್ಲಿ ಇಂಥ ಪ್ರತಿಕಾಯ ಇದೆಯೇ ಎಂದು ನೋಡುವ) ಪರೀಕ್ಷೆ ಮಾಡಿಸಿ, 28ನೇ ವಾರದ ಸುಮಾರಿಗೆ ಆ್ಯಂಟಿ-ಡಿ ಬಗ್ಗೆ ಕೇಳಲೇಬೇಕು.

ಹಿಂದಿನ ಬಸುರಿನಲ್ಲಿ ಟಿ.ಡಿ. (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆಯ ಎರಡೂ ಡೋಸ್ ಆಗಿ 3 ವರ್ಷದೊಳಗೆ ಮತ್ತೆ ಬಸುರಿಯಾದರೆ ಈ ಸಲ ಒಂದೇ ಬೂಸ್ಟರ್ ಸಾಕು. ಕಬ್ಬಿಣಾಂಶದ ಗುಳಿಗೆ ಮಾತ್ರ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಚೊಚ್ಚಲ ಕೂಸಿಗೆ ಹಾಲೂಡಿಸಿ ಇನ್ನೂ ಚೇತರಿಸಿಕೊಳ್ಳದ ಮೈಯಲ್ಲಿ ಹಿಮೋಗ್ಲೋಬಿನ್ 11ರ ಕೆಳಗೆ ಇಳಿದಿರುವುದು ಸಾಮಾನ್ಯ. ಗುಳಿಗೆಯ ಜೊತೆಗೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಲಿಂಬೆಹಣ್ಣಿನ ಪಾನಕ ಕುಡಿದರೆ ಚೆನ್ನಾಗಿ ಹತ್ತುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಜ್ಞ ತಪಾಸಣೆ ಇರುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರೇ ಕರೆದೊಯ್ಯುತ್ತಾರೆ.

ಮೊದಲನೆಯದು ಸಿಸೇರಿಯನ್ ಆಗಿದ್ದರೆ

‘ಒಮ್ಮೆ ಕೊಯ್ದರೆ ಎರಡನೇ ಸಲವೂ ಕೊಯ್ಯಲೇಬೇಕು’ ಎಂಬುದು ನಿಯಮವಲ್ಲ. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದು, ಆಗಿನ ಕಾರಣ ಈಗ ಇಲ್ಲದಿದ್ದರೆ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಹಾಗೆ ಪ್ರಯತ್ನಿಸಿದ ನಾಲ್ವರಲ್ಲಿ ಸುಮಾರು ಮೂವರಿಗೆ ಸಹಜವಾಗಿಯೇ ಆಗುತ್ತದೆ. ಸುಮಾರು 200ರಲ್ಲಿ ಒಬ್ಬರಿಗೆ ಹಳೆಯ ಹೊಲಿಗೆ ಬಿಡುವ ಅಪಾಯವಿದೆ. ಹಾಗಾದಾಗ ನಿಮಿಷಗಳಲ್ಲಿ ಆಪರೇಷನ್ ಆಗಬೇಕು. ಆದ್ದರಿಂದ ಇಂಥ ಹೆರಿಗೆಗೆ ಹಗಲುರಾತ್ರಿ ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ರಕ್ತ ಮೂರೂ ಸಿಗುವ ಜಾಗವೇ ಬೇಕು. ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್), ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು, ಧಾರವಾಡ ಮತ್ತು ಹಾವೇರಿಯ ಜಿಲ್ಲಾಸ್ಪತ್ರೆಗಳಂಥ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ. ಖಾಸಗಿ ನರ್ಸಿಂಗ್ ಹೋಮ್ ಆದರೆ ‘ರಾತ್ರಿ ಎರಡು ಗಂಟೆಗೆ ಅರಿವಳಿಕೆ ವೈದ್ಯರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ?’ ಎಂದು ಮೊದಲೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಎರಡು ಹೆರಿಗೆಗಳ ನಡುವೆ 18 ತಿಂಗಳಿಗಿಂತ ಕಡಿಮೆ ಅಂತರವಿದ್ದರೆ ಅಪಾಯ ಏರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಮಾಸು ಹಳೆಯ ಹೊಲಿಗೆಯ ಮೇಲೆ ಕೂತಿದೆಯೇ ಎಂಬುದನ್ನು ಕೇಳಿ ತಿಳಿಯಿರಿ. ಅಲ್ಲೇ ಬೇರು ಬಿಟ್ಟಿದ್ದರೆ ಹೆರಿಗೆಯಲ್ಲಿ ಭಾರೀ ರಕ್ತಸ್ರಾವ ಆಗುತ್ತದೆ. ಮತ್ತೆ ಸಿಸೇರಿಯನ್ ಎಂದೇ ನಿಶ್ಚಯವಾದರೆ, ಬೇರೆ ತೊಂದರೆ ಇಲ್ಲದಿದ್ದಲ್ಲಿ ಸಾಮಾನ್ಯವಾಗಿ 39 ವಾರ ತುಂಬಿದ ಮೇಲೆ ದಿನ ಕೊಡುತ್ತಾರೆ. ಮುಹೂರ್ತಕ್ಕಾಗಿ 37ನೇ ವಾರಕ್ಕೆ ಹಿಂದೂಡಿದರೆ ಕೂಸಿಗೆ ಉಸಿರಾಟದ ತೊಂದರೆ ಆಗುವ ಸಾಧ್ಯತೆ ಹೆಚ್ಚು. ಪಂಚಾಂಗ ಇದಕ್ಕೆ ಹೊಣೆ ಹೊರುವುದಿಲ್ಲ.

ಚೀಲ

ಎಂಟನೇ ತಿಂಗಳಿಗೆ ಕಟ್ಟಿಡಿ. ಮುಂದೆ ಗುಂಡಿ ಇರುವ ನೈಟಿ ಮೂರು, ದೊಡ್ಡ ಪ್ಯಾಡಿನ ಎರಡು ಪ್ಯಾಕೆಟ್, ಒಳಉಡುಪು ಆರು, ಟವೆಲ್, ಥರ್ಮಾಸ್. ಕೂಸಿಗೆ ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹಳೆಯ ಬಟ್ಟೆ ಎಂಟು-ಹತ್ತು ತುಂಡು, ಕುಂಚಿಗಿ, ಸಣ್ಣ ಕೌದಿ. ಪೌಡರ್, ಕಾಡಿಗೆ, ಗ್ರೈಪ್ ವಾಟರ್, ಹಾಲಿನ ಬಾಟಲಿ ಬೇಡ. ತಾಯಿ ಕಾರ್ಡ್, ಹಳೆಯ ಡಿಸ್ಚಾರ್ಜ್ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತದ ವರದಿ, ಇಬ್ಬರ ಆಧಾರ್, ರೇಷನ್ ಕಾರ್ಡ್, ತಾಯಿಯ ಬ್ಯಾಂಕ್ ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿರಲಿ. ಎಲ್ಲದರ ಫೋಟೊ ಗಂಡನ ಮೊಬೈಲಿನಲ್ಲೂ ಇರಲಿ. ರಕ್ತ ಕೊಡಲು ಒಪ್ಪಿದ ಇಬ್ಬರ ನಂಬರ್ ಬರೆದಿಡಿ.

ಹೊರಡುವುದು ಯಾವಾಗ?

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಗರ್ಭದ ಬಾಯಿ 5 ಸೆಂ.ಮೀ. ತೆರೆದ ಮೇಲೆ ಪೂರ್ತಿ ತೆರೆಯಲು ಚೊಚ್ಚಲಕ್ಕೆ 12 ಗಂಟೆ, ಮುಂದಿನವಕ್ಕೆ 10 ಗಂಟೆ ಎಂಬುದು ಗರಿಷ್ಠ ಲೆಕ್ಕ. ಕೂಸನ್ನು ತಳ್ಳುವ ಹಂತಕ್ಕೆ ಕ್ರಮವಾಗಿ 3 ಮತ್ತು 2 ಗಂಟೆ. ವಾಸ್ತವದಲ್ಲಿ ಎರಡನೆಯದು ಇದಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತದೆ. ಕೆಲವರಿಗೆ ತಳ್ಳುವುದು ಹತ್ತು-ಹದಿನೈದು ನಿಮಿಷದ ಕೆಲಸ. ‘ಹೋದ ಸಲ ರಾತ್ರಿಯೆಲ್ಲ ಬ್ಯಾನಿ ತಿಂದಿದ್ಳು, ಬೆಳಗಾಗಲಿ’ ಎಂದು ಕೂತವರ ಕೂಸು ಬೆಳಗಾಗುವವರೆಗೆ ಕಾಯುವುದಿಲ್ಲ.

ಒಂದು ಬ್ಯಾನಿ ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗೆ ಗಡಿಯಾರ ನೋಡಿ. ಆಸ್ಪತ್ರೆ ಹತ್ತಿರವಿದ್ದ ಚೊಚ್ಚಲದವಳು 5 ನಿಮಿಷಕ್ಕೊಮ್ಮೆ ಬರುವವರೆಗೆ ಕಾಯಬಹುದು. ಎರಡನೆಯದಕ್ಕೆ 8-10 ನಿಮಿಷಕ್ಕೊಂದರಂತೆ ಲಯ ಹಿಡಿದರೆ ಹೊರಡಿ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ., ಹಾವೇರಿಯಿಂದ 75ರ ಸಮೀಪ. ಊರ ದಾರಿಯ ಹೊತ್ತು, ಚೆನ್ನಮ್ಮ ವೃತ್ತದ ದಟ್ಟಣೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಮಳೆಗಾಲದಲ್ಲಿ ಬೆಣ್ಣೆಹಳ್ಳ ತುಂಬಿದರೆ ನವಲಗುಂದ ಕಡೆಯ ಕೆಲ ಊರುಗಳ ದಾರಿಯೇ ಕಟ್ಟಿಹೋಗುತ್ತದೆ. ಅಂಥ ಊರಿನವರು ದಿನ ಹತ್ತಿರ ಬಂದಾಗ ಪೇಟೆಯ ನೆಂಟರ ಮನೆಯಲ್ಲಿ ಇರುವುದು ವಾಸಿ. ವಾಹನಕ್ಕೆ 108.

ಸುಳ್ಳು ಬ್ಯಾನಿ ಎರಡನೇ ಸಲ ಹೆಚ್ಚು ಕಾಡುತ್ತದೆ. ನೀರು ಕುಡಿದು ಎಡಮಗ್ಗುಲಿಗೆ ಅರ್ಧ ಗಂಟೆ ಮಲಗಿ. ಸುಳ್ಳಾದರೆ ಕರಗುತ್ತದೆ, ನಿಜವಾದರೆ ಬಿಗಿಯಾಗುತ್ತ ಹೋಗುತ್ತದೆ. ಬ್ಯಾನಿ ಇಲ್ಲದೆಯೂ ತಡಮಾಡದೆ ಹೋಗಬೇಕಾದ ಸಂದರ್ಭಗಳಿವೆ: ರಕ್ತ ಕಂಡರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಬ್ಯಾನಿಯ ನಡುವಿನ ಬಿಡುವಿನಲ್ಲೂ ಹಳೆಯ ಹೊಲಿಗೆ ನೋಯುತ್ತಿದ್ದರೆ. ನೀರು ಒಡೆದರಂತೂ ಒಂದು ಕ್ಷಣವೂ ಕಾಯಬೇಡಿ. ಎರಡನೇ ಬಸುರಿನಲ್ಲಿ ಬ್ಯಾನಿ ಶುರುವಾಗುವವರೆಗೂ ಕೂಸಿನ ತಲೆ ಮೇಲೆಯೇ ಇರಬಹುದು. ಆಗ ನೀರಿನ ಜೊತೆ ಹೊಕ್ಕುಳಬಳ್ಳಿ ಕೆಳಗೆ ಜಾರುವ ಭಯವಿದೆ. ಅದಕ್ಕೇ ಕೂತುಕೊಂಡಲ್ಲ, ಮಲಗಿಕೊಂಡು ಬರಲಿ.

ದಾರಿಯಲ್ಲೇ ತಲೆ ಕಂಡರೆ

ಗಾಡಿ ನಿಲ್ಲಿಸಿ, 108ಕ್ಕೆ ಹೇಳಿ. ಕೂಸನ್ನು ಎಳೆಯಬೇಡಿ, ಕೈಯಲ್ಲಿ ಆಸರೆ ಕೊಟ್ಟರೆ ಸಾಕು. ಬಂದ ಕೂಡಲೇ ಒಣಬಟ್ಟೆಯಿಂದ ಮೈ, ತಲೆ ಒರೆಸಿ ತಾಯಿಯ ಬರಿಯೆದೆಯ ಮೇಲೆ ಮಲಗಿಸಿ ಇಬ್ಬರಿಗೂ ಹೊದಿಸಿ. ತಲೆಗೆ ಕುಂಚಿಗಿ ಹಾಕಿ. ಬೆನ್ನು ಉಜ್ಜಿದರೆ ಸಾಮಾನ್ಯವಾಗಿ ಅಳುತ್ತದೆ. ಬ್ಲೇಡಿನಿಂದ ಬಳ್ಳಿ ಕತ್ತರಿಸುವ ಸಾಹಸ ಬೇಡ. ಕತ್ತರಿಸದೇ ಆಸ್ಪತ್ರೆ ಮುಟ್ಟಿದರೆ ಏನೂ ಆಗುವುದಿಲ್ಲ, ಕೊಳಕು ಬ್ಲೇಡಿನಿಂದ ಧನುರ್ವಾಯು ಆಗಬಹುದು. ಮಾಸು ತಾನಾಗಿ ಬಿದ್ದರೆ ಚೀಲದಲ್ಲಿ ಹಾಕಿ ಜೊತೆಗೇ ಒಯ್ಯಿರಿ. ಎಂದಿಗೂ ಬಳ್ಳಿ ಹಿಡಿದು ಜಗ್ಗಬೇಡಿ.

ಹೆರಿಗೆ ಕೋಣೆಯಲ್ಲಿ, ಆಮೇಲೆ

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಜೊತೆಗೊಬ್ಬ ಹೆಣ್ಣುಮಗಳನ್ನು ಇಟ್ಟುಕೊಳ್ಳಲು ಅವಕಾಶವಿದೆ. ಹೆದರಿಸುವ ಅತ್ತಿಗೆಗಿಂತ ಸುಮ್ಮನೆ ಸೊಂಟ ತಿಕ್ಕುವ ಅಕ್ಕ ಒಳ್ಳೆಯದು. ಗರ್ಭದ ಬಾಯಿ ಪೂರ್ತಿ ತೆರೆಯುವ ಮೊದಲು ಮುಕ್ಕಿ ತಳ್ಳುವ ಆಸೆ ಬಂದರೂ ನರ್ಸ್ ಹೇಳುವವರೆಗೆ ತಡೆಯಿರಿ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತಾರೆ. ರಕ್ತಸ್ರಾವ ತಡೆಯುವುದು ಇದೇ.

ನಂತರ ಕೂಸು ಹಾಲು ಕುಡಿಯುವಾಗ ಹೊಟ್ಟೆ ಹಿಂಡಿದಂತಾಗುತ್ತದೆ. ಚೊಚ್ಚಲದಲ್ಲಿ ಇಷ್ಟು ಇರಲಿಲ್ಲವಲ್ಲ ಎಂದು ಗಾಬರಿಯಾಗುವವರೇ ಹೆಚ್ಚು. ಒಮ್ಮೆ ಹಿಗ್ಗಿದ ಗರ್ಭಕೋಶ ಮತ್ತೆ ಮುದುಡಲು ಹೆಚ್ಚು ಶಕ್ತಿ ಹಾಕುತ್ತದೆ, ನೋವು ಅದರದು. ವೈದ್ಯರು ಕೊಟ್ಟ ನೋವಿನ ಗುಳಿಗೆ ನುಂಗಿದರೆ ಹಾಲಿಗೆ ಕೇಡಿಲ್ಲ. ಹೆರಿಗೆಯಾದ ಆರು ಗಂಟೆಯೊಳಗೆ ಮೂತ್ರ ಮಾಡಿ. ತುಂಬಿದ ಮೂತ್ರಕೋಶ ಗರ್ಭಕೋಶ ಮುದುಡುವುದಕ್ಕೆ ಅಡ್ಡಿ, ಅದರಿಂದ ರಕ್ತ ಹೆಚ್ಚು ಹೋಗುತ್ತದೆ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ ನರ್ಸನ್ನು ಕರೆಯಿರಿ.

ಕೂಸಿಗೆ ಒಂದು ಗಂಟೆಯೊಳಗೆ ಎದೆಹಾಲು. ಜೇನು, ಬೆಲ್ಲದ ನೀರು, ಹರಳೆಣ್ಣೆ ಮುಟ್ಟಿಸಬೇಡಿ. ವಿಟಮಿನ್-ಕೆ ಇಂಜೆಕ್ಷನ್, ಬಿ.ಸಿ.ಜಿ., ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ ಆಗಿವೆಯೇ ಎಂದು ಕಾರ್ಡಿನಲ್ಲಿ ನೋಡಿ. ಸಹಜ ಹೆರಿಗೆಯಾದರೂ 48 ಗಂಟೆ ಇರಿ. ‘ಮನೆಯಲ್ಲಿ ಹಿರಿಕೂಸು ಅಳುತ್ತದೆ’ ಎಂದು ಮರುದಿನವೇ ಹೊರಟವರಿಗೆ ಕಾಮಾಲೆ, ರಕ್ತಸ್ರಾವ ಗೊತ್ತಾಗುವುದು ತಡವಾಗಿ.

ಮಕ್ಕಳಾಗದಂತೆ ಆಪರೇಷನ್ ಬೇಕೇ ಎಂಬುದನ್ನು ಬಸುರಿದ್ದಾಗಲೇ ಗಂಡಹೆಂಡತಿ ಮಾತಾಡಿ ಮುಗಿಸಿ. ಬ್ಯಾನಿಯ ನಡುವೆ ಸಹಿ ಮಾಡುವ ಸಂಗತಿ ಇದಲ್ಲ. ಇನ್ನೂ ನಿರ್ಧರಿಸದವರಿಗೆ 48 ಗಂಟೆಯೊಳಗೆ ಹಾಕುವ ಕಾಪರ್-ಟಿ ಇದೆ. ಗಂಡಸರ ಆಪರೇಷನ್ ಎಲ್ಲಕ್ಕಿಂತ ಸಣ್ಣದು, ಅದರ ಬಗ್ಗೆ ಕೇಳುವವರೇ ಕಡಿಮೆ.

ದುಡ್ಡು, ಕಾಗದ

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಉಚಿತ. ಮನೆಗೆ ಬಿಡಲು ನಗು-ಮಗು ವಾಹನ ಕೇಳಿ. ಎರಡನೆಯದು ಹೆಣ್ಣುಮಗುವಾದರೆ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ 6000 ರೂಪಾಯಿ ಇದೆ, ಮಗು ಹುಟ್ಟಿದ 270 ದಿನದೊಳಗೆ ಅಂಗನವಾಡಿಯ ಮೂಲಕ ಅರ್ಜಿ ಹಾಕಬೇಕು. ಜನನ ನೋಂದಣಿಯನ್ನು ಆಸ್ಪತ್ರೆಯೇ ಮಾಡುತ್ತದೆ. ನೀವು ನೋಡಬೇಕಾದ್ದು ತಂದೆತಾಯಿಯ ಹೆಸರಿನ ಅಕ್ಷರಗಳು ಆಧಾರಿನಂತೆಯೇ ಇವೆಯೇ ಎಂಬುದನ್ನು.

ಮನೆಗೆ

ಬಾಣಂತಿಗೆ ಅಳವಿ ಪಾಯಸ, ಅಂಟಿನ ಉಂಡಿ, ಸಜ್ಜಕ ಎಲ್ಲ ಇರಲಿ. ನೀರು ಕಡಿಮೆ ಕೊಡುವ ಪದ್ಧತಿ ಮತ್ತು ಮುಚ್ಚಿದ ಕೋಣೆಯಲ್ಲಿ ಶೇಗಡಿ ಹೊಗೆ ಬೇಡ. ಹಿರಿಕೂಸಿಗೆ ಕೆಮ್ಮು-ನೆಗಡಿ ಇದ್ದರೆ ಕೆಲವು ದಿನ ತೊಟ್ಟಿಲಿನಿಂದ ದೂರವಿರಲಿ, ಅವ್ವನಿಂದಲ್ಲ. ಮನೆ ಹೊಕ್ಕುವಾಗ ಹೊಸ ಕೂಸನ್ನು ಅಜ್ಜಿಯೋ ಅತ್ತೆಯೋ ಎತ್ತಿಕೊಳ್ಳಲಿ. ಬಾಗಿಲಲ್ಲಿ ಓಡಿಬರುವ ಹಿರಿಯದಕ್ಕೆ ಅವ್ವನ ಎರಡೂ ಕೈ ಖಾಲಿ ಇರಬೇಕು. ಹೊಲಿಗೆ ಹಾಕಿಸಿಕೊಂಡವಳು ಅದನ್ನು ನಿಂತು ಎತ್ತಬಾರದು, ಕೂತು ಮಡಿಲಿಗೆ ಕರೆದುಕೊಳ್ಳಬೇಕು.