ಕನ್ನಡಕದ ನಂಬರ್ ನೋಡಿಸಿದರೆ ಸಾಲದು, ಕಣ್ಣು ನೋಡಿಸಿ

ನಮ್ಮಪ್ಪ ಎರಡು ವರ್ಷಕ್ಕೊಮ್ಮೆ ತಪ್ಪದೆ ಅಂಗಡಿಗೆ ಹೋಗಿ ಕನ್ನಡಕ ಬದಲಾಯಿಸುತ್ತಿದ್ದರು. ಆದರೂ ಎಡಗಡೆ ಬಾಗಿಲಿಗೆ ಭುಜ ಬಡಿಸಿಕೊಳ್ಳುತ್ತಿದ್ದರು, ಪಕ್ಕದಲ್ಲಿಟ್ಟ ಕಾಫಿ ಲೋಟ ಕೈ ತಾಗಿ ಉರುಳುತ್ತಿತ್ತು. "ನೋಡ್ಕೊಂಡು ಓಡಾಡಬಾರದಾ" ಅಂತ ನಾವೇ ರೇಗುತ್ತಿದ್ದೆವು. ಅದು ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಕಾಯಿಲೆ ಅಂತ ಗೊತ್ತಾಗುವ ಹೊತ್ತಿಗೆ ಎಡಗಣ್ಣಿನ ನೋಟ ಮುಕ್ಕಾಲು ಹೋಗಿತ್ತು. ಹೋದದ್ದು ವಾಪಸ್ ಬರುವುದಿಲ್ಲ. ದಿನಾ ಡ್ರಾಪ್ಸ್ ಹಾಕಿ ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ಅಷ್ಟೇ.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಮೊದಲು ಹೋಗುವುದು ಅಕ್ಕಪಕ್ಕದ ನೋಟ, ಹಾಗಾಗಿ ಎದುರಿನ ಪೇಪರ್ ಓದುವುದಕ್ಕೆ ತೊಂದರೆಯೇ ಇರುವುದಿಲ್ಲ. ನಂಬರ್ ನೋಡುವಾಗ ಇದು ಸಿಕ್ಕಿಬೀಳುವುದಿಲ್ಲ. ಅದಕ್ಕೇ 40 ದಾಟಿದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, "ಕಣ್ಣಿನ ಪ್ರೆಷರ್, ನರ, ರೆಟಿನಾ ಮೂರೂ ನೋಡಿ" ಅಂತ ಬಾಯಿಬಿಟ್ಟು ಕೇಳಿ. ರೆಟಿನಾ ಅಂದರೆ ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ಪರದೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ 40ರವರೆಗೂ ಕಾಯಬೇಡಿ. ಶುಗರ್ ಇರುವವರು ವರ್ಷಕ್ಕೊಮ್ಮೆ ರೆಟಿನಾ ತೋರಿಸಲೇಬೇಕು, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಸರಿ.

ರೆಟಿನಾ ನೋಡುವುದಕ್ಕೆ ಪಾಪೆ ಅಗಲವಾಗಲಿ ಅಂತ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಹತ್ತಿರದ್ದೆಲ್ಲ ಮಂಜು, ಬಿಸಿಲು ಚುಚ್ಚುತ್ತದೆ. ಗಾಡಿ ಓಡಿಸಿಕೊಂಡು ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಹಳೆ ಕನ್ನಡಕ, ಹಳೆ ಚೀಟಿ, ಶುಗರ್ ಮಾತ್ರೆ ಹೆಸರು ಎಲ್ಲ ಕೈಯಲ್ಲಿರಲಿ.

ಮನೆಯಲ್ಲೂ ಒಂದು ಕೆಲಸ ಮಾಡಬಹುದು. ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ, ಗೋಡೆ ಕ್ಯಾಲೆಂಡರಿನ ಚೌಕಗಳನ್ನು ನೋಡಿ. ಗೆರೆ ಸೊಟ್ಟಗಾದರೆ ಅಥವಾ ಮಧ್ಯದ ತಾರೀಖು ಅಳಿಸಿದಂತೆ ಕಂಡರೆ ತಡ ಮಾಡಬೇಡಿ, ಅದು ರೆಟಿನಾದ ಸಮಸ್ಯೆ ಇರಬಹುದು. ಎರಡೂ ಕಣ್ಣು ತೆರೆದು ನೋಡಿದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತದೆ, ಅಲ್ವಾ?

ನೋಟ ಆಗಲೇ ಹೋಗಿದ್ದರೆ? "ಇನ್ನೇನೂ ಮಾಡಕ್ಕಾಗಲ್ಲ" ಅಂತ ಸುಮ್ನೆ ಕೂರಬೇಡಿ. ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ನೋಟ ಕಡಿಮೆಯಾದವರಿಗೆ ಅಂತಲೇ ಲೋ ವಿಷನ್ ವಿಭಾಗ ಇರುತ್ತದೆ, ಭೂತಗನ್ನಡಿಯಿಂದ ಹಿಡಿದು ನಡೆಯುವ ತರಬೇತಿವರೆಗೂ ಅಲ್ಲಿ ವಿಚಾರಿಸಿ. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಸಿಕ್ಕರೆ ಹಲವು ಸರ್ಕಾರಿ ಸವಲತ್ತುಗಳಿಗೆ ದಾರಿಯಾಗುತ್ತದೆ, ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿದರೆ ಫೋನೇ ಓದಿ ಹೇಳುತ್ತದೆ. ರಿಸರ್ವ್ ಬ್ಯಾಂಕಿನ ಮಣಿ ಆಪ್ ನೋಟು ಎಷ್ಟರದ್ದು ಅಂತ ಇಂಟರ್ನೆಟ್ ಇಲ್ಲದೆಯೂ ಹೇಳುತ್ತದೆ.

ನೋಟ ಕಡಿಮೆಯಾದವರನ್ನು ನಡೆಸಿಕೊಂಡು ಹೋಗುವಾಗ ಕೈ ಹಿಡಿದು ಎಳೆಯಬೇಡಿ. ಅವರೇ ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ, ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಮೊದಲೇ ಹೇಳಿ. ಮೆಟ್ಟಿಲ ಅಂಚಿಗೆ ಹಳದಿ ಟೇಪ್ ಅಂಟಿಸಿ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಮೊಸರನ್ನ ಬಡಿಸಿದರೆ ಅಪ್ಪನಿಗೆ ಅನ್ನ ಯಾವುದು ತಟ್ಟೆ ಯಾವುದು ತಿಳಿಯುತ್ತಿರಲಿಲ್ಲ, ಹಸಿರಿನ ಮೇಲೆ ಬಡಿಸಿದರೆ ಚೆನ್ನಾಗಿ ಕಾಣುತ್ತದೆ. ಈಗ ನಮ್ಮನೆಯಲ್ಲಿ ಹಬ್ಬ ಇರಲಿ ಬಿಡಲಿ, ಅವರಿಗೆ ದಿನಾ ಬಾಳೆಎಲೆ ಊಟ.