ಹಳೇ ಕ್ಯಾಸೆಟ್ ರೆಕಾರ್ಡಿಂಗ್ ಕ್ಲೌಡಿಗೆ ಹಾಕೋ ಮುಂಚೆ ಏನೇನು ನೋಡ್ಬೇಕು

ನಮ್ದು ತುರುವೇಕೆರೆ ಕಡೆ, ಮನೇಲಿ ಮೂಡಲಪಾಯ ಯಕ್ಷಗಾನದ 40 ಕ್ಯಾಸೆಟ್ ಇದ್ವು, ದೊಡ್ಡಪ್ಪ ಟೇಪ್ ರೆಕಾರ್ಡರ್ ಹೊತ್ಕೊಂಡು ಹೋಗಿ ರಾತ್ರಿಯೆಲ್ಲ ನಿದ್ದೆಗೆಟ್ಟು ರೆಕಾರ್ಡ್ ಮಾಡಿದ್ದು. ಎಲ್ಲಾನೂ ಕಂಪ್ಯೂಟರಿಗೆ ಹಾಕಿ ಒಂದು ಕ್ಲೌಡಲ್ಲಿ ಇಟ್ಟು ನಿಶ್ಚಿಂತೆಯಾಗಿದ್ವಿ. ದುಡ್ಡು ಕಟ್ ಆಗ್ತಿದ್ದ ಕಾರ್ಡ್ ಎಕ್ಸ್‌ಪೈರ್ ಆಯ್ತು, ಕ್ಲೌಡಿನವರು ಕಳಿಸಿದ ಇಮೇಲ್ ಎಲ್ಲ ಯಾರೂ ತೆಗೆಯದ ಇನ್‌ಬಾಕ್ಸಿಗೆ ಹೋಗ್ತಿತ್ತು, ನೋಡೋ ಹೊತ್ತಿಗೆ ಅಕೌಂಟೇ ಇಲ್ಲ. ಮತ್ತೆ ಕ್ಯಾಸೆಟ್ ತೆಗೆದ್ರೆ ಮೂರಕ್ಕೆ ಬೂಸ್ಟು ಹಿಡಿದಿತ್ತು. ಆ ಮೂರು ಆಟ ಹೋದ್ವು, ಇನ್ನು ಸಿಗಲ್ಲ.

ಅದಕ್ಕೇ ಹೇಳ್ತೀನಿ, ಒಂದು ಜಿಬಿಗೆ ಎಷ್ಟು ಅಂತ ಆಮೇಲೆ ಕೇಳಿ, ವಾಪಸ್ ಹೆಂಗೆ ಬರತ್ತೆ ಅಂತ ಮೊದಲು ಕೇಳಿ. ಅಮೆಜಾನ್‌ನ ಎಸ್3 ಗ್ಲೇಸಿಯರ್ ಡೀಪ್ ಆರ್ಕೈವನ್ನೇ ಉದಾಹರಣೆಗೆ ನೋಡಿ, ಅಪರೂಪಕ್ಕೆ ತೆಗೆಯೋ ಫೈಲ್ ಇಡೋಕೆ ಅಂತಲೇ ಇರೋ ಕ್ಲೌಡ್ ಅದು, ಇಡೋದಕ್ಕೆ ತುಂಬಾ ಅಗ್ಗ, ಆದ್ರೆ ಫೈಲ್ ಕೇಳಿದ್ರೆ 12 ಗಂಟೆ, ಅಗ್ಗದ ದಾರೀಲಿ ಕೇಳಿದ್ರೆ 48 ಗಂಟೆವರೆಗೂ ಕಾಯ್ಬೇಕು, ತೆಗೆಯೋದಕ್ಕೆ ಬೇರೆ ಚಾರ್ಜು, ಡೌನ್‌ಲೋಡಿಗೆ ಬೇರೆ, 180 ದಿನದೊಳಗೆ ಡಿಲೀಟ್ ಮಾಡಿದ್ರೂ ಅಷ್ಟೂ ದಿನದ್ದು ಕಟ್ಬೇಕು. ಅಪರೂಪಕ್ಕೆ ತೆಗೆಯೋ ಮಾಸ್ಟರ್ ಕಾಪಿಗೆ ಇದು ಸರಿ, ಮಕ್ಕಳಿಗೆ ಕೇಳಿಸೋ ಕಾಪಿಗೆ ಬೇಡ.

ಆಮೇಲೆ ಅಕೌಂಟ್ ಯಾವಾಗ ಮುಚ್ತಾರೆ ಅಂತ ಓದಿ. ಗೂಗಲ್ ಅಕೌಂಟ್ 2 ವರ್ಷ ಮುಟ್ಟದೇ ಬಿಟ್ರೆ ಅದರಲ್ಲಿರೋದನ್ನೆಲ್ಲ ಅಳಿಸೋಕೆ ಅವರಿಗೆ ಅವಕಾಶ ಇದೆ. ಇನ್ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಸೆಟ್ಟಿಂಗ್ ಇದೆ, ಅಲ್ಲಿ ಮನೆಯವರೊಬ್ಬರ ಹೆಸರು ಇವತ್ತೇ ಹಾಕಿ. ಸಿಂಕ್ ಆಗ್ತಿದೆ, ಅಂದ್ರೆ ಕಂಪ್ಯೂಟರಲ್ಲಿ ಇರೋದೇ ಕ್ಲೌಡಲ್ಲೂ ತಾನಾಗೇ ಆಗ್ತಿದೆ ಅಂದ್ರೆ ಬ್ಯಾಕಪ್ ಇದೆ ಅಂತಲ್ಲ, ಲ್ಯಾಪ್‌ಟಾಪಲ್ಲಿ ಡಿಲೀಟ್ ಆಗಿದ್ದು ಕ್ಲೌಡಲ್ಲೂ ಹೋಗತ್ತೆ, ಗೂಗಲ್ ಡ್ರೈವಿನ ಟ್ರ್ಯಾಶಲ್ಲಿ 30 ದಿನ ಇರತ್ತೆ ಅಷ್ಟೇ.

ಇನ್ನು ಪರೀಕ್ಷೆ, ಇದನ್ನ ಮಾತ್ರ ಬಿಡ್ಬೇಡಿ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ವೇವ್ ಫೈಲ್, ಅಂದ್ರೆ ಸದ್ದನ್ನ ಸಣ್ಣ ಮಾಡದೇ ಹಂಗೇ ಇಡೋ ಫೈಲ್, ಗಂಟೆಗೆ ಹೆಚ್ಚುಕಮ್ಮಿ 1 ಜಿಬಿ ಬರತ್ತೆ. ಅಂಥದ್ದು ಒಂದು ತಗೊಂಡು ವಿಂಡೋಸ್ ಪವರ್‌ಶೆಲ್ಲಲ್ಲಿ ಗೆಟ್-ಫೈಲ್‌ಹ್ಯಾಶ್ (Get-FileHash) ಅಂತ ಕೊಟ್ಟು ಫೈಲಿನ ಹೆಸರು ಹಾಕಿ, 64 ಅಕ್ಷರದ ಒಂದು ಸಾಲು ಬರತ್ತೆ, ಅದು ಆ ಫೈಲಿನ ಬೆರಳಚ್ಚು ಇದ್ದ ಹಂಗೆ, ಬರ್ಕೊಳ್ಳಿ. ಫೈಲನ್ನ ಕ್ಲೌಡಿಗೆ ಹಾಕಿ, ಬೇರೆಯವರ ಲ್ಯಾಪ್‌ಟಾಪಲ್ಲಿ ಇಳಿಸಿ, ಮತ್ತೆ ಅದೇ ಮಾಡಿ. ಒಂದಕ್ಷರ ಬೇರೆ ಬಂದ್ರೂ ಫೈಲ್ ನೀವು ಹಾಕಿದ್ದಲ್ಲ. ನಾವು ನೋಡಿದ ಒಂದು ಸರ್ವಿಸಲ್ಲಿ ಕೇಳೋಕೆ ಮುಖವೀಣೆ ವಾದ್ಯದ ಸದ್ದು ಚೆನ್ನಾಗೇ ಇತ್ತು, ಆದ್ರೆ ಸಾಲು ಹೊಂದಲಿಲ್ಲ, ನೋಡಿದ್ರೆ ಅವರು ಫೈಲ್ ಸಣ್ಣ ಮಾಡಿ ಕೊಟ್ಟಿದ್ರು. ಅದನ್ನ ಅಲ್ಲೇ ಬಿಟ್ವಿ.

ಎಷ್ಟೇ ಒಳ್ಳೇ ಕ್ಲೌಡ್ ಆದ್ರೂ ಒಂದನ್ನೇ ನಂಬ್ಕೋಬೇಡಿ, 2021ರ ಮಾರ್ಚಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಲ್ಲಿ ಒಂದು ಕ್ಲೌಡ್ ಕಂಪನಿಯ ಫೈಲೆಲ್ಲ ಇಟ್ಟಿದ್ದ ಡೇಟಾ ಸೆಂಟರೇ ಸುಟ್ಟೋಗಿ ಬೇರೆ ಕಾಪಿ ಇಲ್ಲದವರದ್ದು ಹೋಯ್ತು. ನಮ್ದೀಗ ಒಂದು ಕ್ಲೌಡಲ್ಲಿ, ಒಂದು ಮನೇಲಿರೋ ಹಾರ್ಡ್‌ಡಿಸ್ಕಲ್ಲಿ, ಇನ್ನೊಂದು ತುಮಕೂರಲ್ಲಿ ಅಕ್ಕನ ಮನೆ ಬೀರುವಲ್ಲಿದೆ. ಪ್ರತಿ ಯುಗಾದಿಗೆ ಡಿಸ್ಕ್ ಹೊರಗೆ ತೆಗೆದು ಐದು ಫೈಲಿನ ಸಾಲು ತಾಳೆ ನೋಡ್ತೀವಿ, ಕಾರ್ಡ್ ಯಾವಾಗ ಎಕ್ಸ್‌ಪೈರ್ ಅಂತಾನೂ ಆವತ್ತೇ ನೋಡ್ತೀವಿ.